ಬ್ಯಾಂಡ್ ಮಾಮ

ಶಾಲೆಯ ಚರಿತ್ರೆ ಬರೆಯುವ ಕೆಲಸ ಕಡೆಗೂ ನನ್ನ ತಲೆಗೇ ಬಂತು. ಸ್ಮರಣ ಸಂಚಿಕೆ ಅಂದಮೇಲೆ ‘ನಮ್ಮ ಶಾಲೆ ನಡೆದು ಬಂದ ದಾರಿ’ ಅಂತ ಒಂದು ಲೇಖನ ಇರಲೇಬೇಕಲ್ಲ. ಕನ್ನಡ ಮಾಷ್ಟ್ರು ಇರುವಾಗ ಗಣಿತದವರು ಯಾಕೆ ಬರೆಯುತ್ತಾರೆ? ಹಾಗೆ ಬೇಸಗೆ ರಜೆಯಲ್ಲಿ ನಾಲ್ಕು ದಿನ ಆಫೀಸಿನ ಹಳೆ ಕಪಾಟಿನ ಮುಂದೆ ಕೂತೆ. ಜಿರಲೆ ಮೊಟ್ಟೆ, ಗೆದ್ದಲ ಮಣ್ಣು, ತುಕ್ಕು ಹಿಡಿದ ಗುಂಡುಸೂಜಿ, ಇವುಗಳ ನಡುವೆ ದಾಖಲಾತಿ ಪುಸ್ತಕಗಳು, ರಕ್ಷಕ ಶಿಕ್ಷಕ ಸಂಘದ ಮಿನಿಟ್ಸ್ ಪುಸ್ತಕಗಳು.

ಮ್ಯಾನೇಜರರ ಹೆಸರು ಸಿಕ್ಕಿತು. ಹೆಡ್‌ಮಾಷ್ಟ್ರುಗಳ ಹೆಸರು ತಾರೀಕಿನ ಸಮೇತ ಸಿಕ್ಕಿತು. ಹೆಂಚು ಕೊಟ್ಟವರು, ಬಾವಿ ತೋಡಿಸಿದವರು, ಧ್ವಜಕಟ್ಟೆಗೆ ಸಿಮೆಂಟು ಹಾಕಿಸಿದವರು ಎಲ್ಲರೂ ಸಿಕ್ಕಿದರು. ಬ್ಯಾಂಡಿನ ಬಗ್ಗೆ ಹುಡುಕಿದರೆ 1992ರ ಜುಲೈಯ ಒಂದು ಸಾಲು: ‘ಶಾಲೆಗೆ ಬ್ಯಾಂಡ್ ಸೆಟ್ ಖರೀದಿಸಲು ತೀರ್ಮಾನಿಸಲಾಯಿತು.’ ಯಾರು ಹೇಳಿದರು, ಯಾರು ತಂದರು, ಯಾರು ಕಲಿಸಿದರು, ಒಂದೂ ಇಲ್ಲ. ಆ ಬ್ಯಾಂಡನ್ನು ಇಪ್ಪತ್ತೇಳು ವರ್ಷ ಹೊತ್ತವರ ಹೆಸರು ಅಷ್ಟೂ ಪುಸ್ತಕಗಳಲ್ಲಿ ಬರುವುದು ಮೂರೇ ಸಲ. ಒಮ್ಮೆ ಹಾಜರಿಯಲ್ಲಿ, ಒಮ್ಮೆ ಒಂದು ತಕರಾರಿನಲ್ಲಿ, ಒಮ್ಮೆ ‘ವಿಶೇಷ ಆಹ್ವಾನಿತ’ ಅಂತ.

ಅವರ ಹೆಸರನ್ನು ಇಲ್ಲಿ ನಾನೂ ಬರೆಯುವುದಿಲ್ಲ. ಮನೆಯವರು ಬೇಡ ಅಂದಿದ್ದಾರೆ. ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ಬ್ಯಾಂಡ್ ಮಾಮ ಅಂತ. ಊರಿನವರಿಗೂ ಆಮೇಲಾಮೇಲೆ ಅದೇ ಹೆಸರಾಯಿತು.

ಬಸ್‌ಸ್ಟ್ಯಾಂಡಿನ ಹಿಂದೆ ಅವರದ್ದೊಂದು ಸೈಕಲ್ ರಿಪೇರಿ ಅಂಗಡಿ. ಮದುವೆಗೆ ಮೊದಲು ಹತ್ತು ವರ್ಷ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಾ ಮಂಜೇಶ್ವರದಿಂದ ಪುತ್ತೂರಿನವರೆಗೆ ಮದುವೆ ದಿಬ್ಬಣಗಳ ಹಿಂದೆ ನಡೆದವರು. ಅಲ್ಲಿ ಅವರಿಗೆ ಕಲಿಸಿದವರು ಮಿಲಿಟರಿ ಬ್ಯಾಂಡಿನಿಂದ ಪೆನ್ಶನ್ ಆಗಿ ಬಂದ ಒಬ್ಬರು ಮುದುಕರಂತೆ. ಮಕ್ಕಳಾದ ಮೇಲೆ ರಾತ್ರಿ ತಿರುಗಾಟ ಬಿಟ್ಟು ಪಂಕ್ಚರ್ ಹಾಕಲು ಕೂತರು. ಮೂರು ಮಕ್ಕಳೂ ನಮ್ಮ ಶಾಲೆಯಲ್ಲೇ, ಕನ್ನಡ ಮಾಧ್ಯಮದಲ್ಲೇ.

1991ರಲ್ಲಿ ಕೇರಳ ರಾಜ್ಯ ಶಾಲಾ ಕಲೋತ್ಸವ ಕಾಸರಗೋಡಿನಲ್ಲಿ ನಡೆಯಿತು. 1957ರಲ್ಲಿ ಎರ್ನಾಕುಳದಲ್ಲಿ ಶುರುವಾದ ಮೇಳ ಅದು. 1984ರಲ್ಲಷ್ಟೇ ಹುಟ್ಟಿದ ನಮ್ಮ ಜಿಲ್ಲೆಗೆ ಬಂದದ್ದು ಅದೇ ಮೊದಲು. ಇವರು ಮೂರನೇ ಕ್ಲಾಸಿನ ದೊಡ್ಡ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋಗಿದ್ದರಂತೆ. ತೆಂಕಣ ಜಿಲ್ಲೆಗಳ ಶಾಲೆಯ ಮಕ್ಕಳು ಬಿಳಿ ಶೂ, ಕೆಂಪು ಟೊಪ್ಪಿ ಹಾಕಿಕೊಂಡು ಬ್ಯಾಂಡ್ ಬಾರಿಸುವುದನ್ನು ಕಂಡರು. ‘ನಾನು ದುಡ್ಡಿಗೆ ಬಾರಿಸಿದ್ದನ್ನು ಅವರು ಮಾರ್ಕಿಗೆ ಬಾರಿಸ್ತಾರೆ ಮಾಷ್ಟ್ರೇ!’ ಅಂತ ಆಮೇಲೆ ಎಷ್ಟೋ ಸಲ ನಗುತ್ತಾ ಹೇಳಿದ್ದುಂಟು. ಮರುವರ್ಷದ ಪಿ.ಟಿ.ಎ. ಸಭೆಯಲ್ಲಿ ವಿಷಯ ಎತ್ತಿದ್ದು ಅವರೇ. ಇದು ಮಿನಿಟ್ಸಿನಲ್ಲಿಲ್ಲ, ಆ ಸಭೆಯಲ್ಲಿದ್ದ ನಿವೃತ್ತ ಟೀಚರ್ ಒಬ್ಬರು ನನಗೆ ಹೇಳಿದ್ದು. ಹಣ ಎಲ್ಲಿಂದ? ಮನೆಮನೆಗೆ ಹೋದರು. ಕೆಲವರು ಹತ್ತು ರೂಪಾಯಿ ಕೊಟ್ಟರು, ಕೆಲವರು ಸುಲಿದ ಅಡಿಕೆ ಕೊಟ್ಟರು, ಒಬ್ಬರು ಎರಡು ತೆಂಗಿನಕಾಯಿ ಕೊಟ್ಟರು. ಆ ಲೆಕ್ಕದ ಚೀಟಿ ಮಾತ್ರ ಪುಸ್ತಕದೊಳಗೆ ಮಡಚಿಟ್ಟದ್ದು ಹಾಗೇ ಇದೆ, ಅವರದ್ದೇ ಅಕ್ಷರದಲ್ಲಿ. ‘ತೆಂಗು 2’ ಅಂತ ಪ್ರತ್ಯೇಕ ಕಾಲಂ.

ಹೀಗೆ ಬಂದದ್ದು ನಾಲ್ಕು ಸೈಡ್ ಡ್ರಮ್, ಒಂದು ಬಾಸ್ ಡ್ರಮ್, ಒಂದು ಜೊತೆ ಸಿಂಬಲ್ಸ್, ಒಂದು ತ್ರಿಕೋನ, ಎರಡು ಬ್ಯೂಗಲ್. ಬ್ಯೂಗಲಿನ ಮೇಲೆ ಮೀರತ್ ಅಂತ ಕೊರೆದಿತ್ತು. ಉತ್ತರ ಪ್ರದೇಶದ ಆ ದಂಡಿನ ಪೇಟೆಯಲ್ಲಿ ಜಲಿ ಕೋಠಿ ಅಂತ ಒಂದು ಬೀದಿಯೇ ಇದೆ. ದೇಶದ ಮದುವೆ ಬ್ಯಾಂಡುಗಳಿಗೆ ಹಿತ್ತಾಳೆ ವಾದ್ಯ ಹೋಗುವುದು ಹೆಚ್ಚಾಗಿ ಅಲ್ಲಿಂದ.

ಬ್ಯಾಂಡ್ ಅನ್ನುವುದು ಇಂಗ್ಲಿಷರದ್ದು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವರಿಗೂ ಅದು ಪೂರ್ತಿ ಸ್ವಂತದ್ದಲ್ಲ. ಬಾಸ್ ಡ್ರಮ್, ಸಿಂಬಲ್ಸ್, ತ್ರಿಕೋನ ಈ ಮೂರೂ ಯುರೋಪಿನ ಸೈನ್ಯದ ಬ್ಯಾಂಡಿಗೆ ಸೇರಿಕೊಂಡದ್ದು 18ನೇ ಶತಮಾನದಲ್ಲಿ, ತುರ್ಕಿಯ ಸುಲ್ತಾನರ ದಂಡಿನ ಮೆಹ್ತರ್ ವಾದ್ಯಮೇಳವನ್ನು ನೋಡಿ. ಅದಕ್ಕೂ ಮೊದಲು ಅಲ್ಲಿಗೆ ಹೋದ ಜೋಡಿ ನಗಾರಿ ಅರಬರ ‘ನಕ್ಕಾರ’. ನಮ್ಮ ನಗಾರಿಯ ಹೆಸರೂ ಅಲ್ಲಿಂದಲೇ ಬಂದದ್ದು. ಕುಂಪಣಿಯ ದಂಡಿನ ಜೊತೆ ಬ್ಯಾಂಡ್ ಮದ್ರಾಸಿಗೆ ಬಂದಾಗ ಅದನ್ನು ಕಿವಿಗೊಟ್ಟು ಕೇಳಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರೂ (1775-1835) ಇದ್ದರು. ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನ ಮಟ್ಟುಗಳಿಗೆ ಅವರು ಸಂಸ್ಕೃತದ ಸಾಹಿತ್ಯ ಕೂರಿಸಿದರು. ಅವೇ ನೋಟ್ಟುಸ್ವರಗಳು, ಈಗಲೂ ಸಂಗೀತ ಪಾಠದ ಮಕ್ಕಳು ಹಾಡುತ್ತಾರೆ. ಅವರ ತಮ್ಮ ಬಾಲುಸ್ವಾಮಿ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಮೈಸೂರು ಅರಮನೆಯಲ್ಲಂತೂ ಇಂಗ್ಲಿಷ್ ಬ್ಯಾಂಡ್ ಬೇರೆ, ಕರ್ನಾಟಕ ಬ್ಯಾಂಡ್ ಬೇರೆ, ಎರಡೂ ಇದ್ದವು.

ಶಾಲೆಗಳಿಗೆ ಡ್ರಮ್ ಮತ್ತು ಬ್ಯೂಗಲ್ ಬಂದದ್ದು ಡ್ರಿಲ್ಲಿನ ಹಿಂದೆ. ನಮ್ಮ ದೇಶದಲ್ಲಿ 1909ರಲ್ಲಿ ಬೆಂಗಳೂರಿನಲ್ಲಿ ಸ್ಕೌಟ್ ಶುರುವಾಯಿತು, 1923ರಲ್ಲಿ ಹುಬ್ಬಳ್ಳಿಯ ನಾ. ಸು. ಹರ್ಡೀಕರರು ಹಿಂದುಸ್ತಾನಿ ಸೇವಾದಳ ಕಟ್ಟಿದರು, 1948ರಲ್ಲಿ ಎನ್.ಸಿ.ಸಿ. ಬಂತು. ಎಲ್ಲದರಲ್ಲೂ ಸಾಲಾಗಿ ನಡೆಯುವುದೇ ಮುಖ್ಯ, ನಡೆಯಲು ತಾಳ ಬೇಕು. ನಿಮಿಷಕ್ಕೆ ಸುಮಾರು 120 ಹೆಜ್ಜೆ. ಕಾಸರಗೋಡು ಆಗ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956 ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ವರದಿ ಕೊಟ್ಟದ್ದು, ಅದು ಅಲ್ಲೇ ಉಳಿದದ್ದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ.

ತಕರಾರು ಅಂದೆನಲ್ಲ, ಅದು 1993ರದ್ದು. ‘ಚರ್ಮದ ವಾದ್ಯಗಳನ್ನು ನಮ್ಮ ಮಕ್ಕಳಿಂದ ಬಾರಿಸಬಾರದೆಂದು ಕೆಲವು ರಕ್ಷಕರು ಆಕ್ಷೇಪಿಸಿದರು’ ಅಂತ ಬರೆದಿದೆ. ಈಗಿನ ಮಕ್ಕಳಿಗೆ ಇದು ಅರ್ಥವಾಗಲಿಕ್ಕಿಲ್ಲ. ತುಳುನಾಡಿನಲ್ಲಿ ಡೋಲು ಅಂದರೆ ಬರೀ ವಾದ್ಯವಾಗಿರಲಿಲ್ಲ. ಕಂಬಳಕ್ಕೆ, ಉತ್ಸವಕ್ಕೆ ಡೋಲು ಬಾರಿಸಲು ಕೊರಗರನ್ನು ಕರೆಸುತ್ತಿದ್ದರು, ಬಾರಿಸಿದ ಮೇಲೆ ದೂರ ನಿಲ್ಲಿಸುತ್ತಿದ್ದರು. ಅಜಲು ಅನ್ನುವ ಆ ಹೀನ ಪದ್ಧತಿಯನ್ನು ಕರ್ನಾಟಕ ಸರಕಾರ ಕಾನೂನು ಮಾಡಿ ನಿಷೇಧಿಸಿದ್ದೇ 2000ದಲ್ಲಿ. ಹಾಗಿರುವಾಗ 1993ರಲ್ಲಿ ಒಂದು ಹಳ್ಳಿಶಾಲೆಯ ಸಭೆಯಲ್ಲಿ ‘ನಮ್ಮ ಹುಡುಗ ಡೋಲು ಹೊಡೆಯುವುದೇ?’ ಅಂತ ಕೇಳಿದವರಿದ್ದರೆ ಆಶ್ಚರ್ಯವಿಲ್ಲ. ಯಕ್ಷಗಾನದ ಚೆಂಡೆಗೆ ಮರ್ಯಾದೆ ಕೊಡುವ ಅದೇ ಜನ ಡ್ರಮ್ಮಿಗೆ ಮೂಗು ಮುರಿದರು. ಚೆಂಡೆಯೂ ಚರ್ಮದ್ದೇ ಅಲ್ಲವೇ ಅಂತ ಕೇಳಿದವರು ಯಾರೂ ಇರಲಿಲ್ಲವೋ ಏನೋ.

ಆಕ್ಷೇಪದ ಕೆಳಗಿನ ಸಾಲಿನಲ್ಲಿ ಇವರ ಹೆಸರು ಬರುತ್ತದೆ. ‘ಶ್ರೀ ... ಇವರು ತಮ್ಮ ಮಗಳನ್ನು ಬಾಸ್ ಡ್ರಮ್ಮಿಗೆ ಸೇರಿಸುವುದಾಗಿ ತಿಳಿಸಿದರು.’ ಅಷ್ಟೇ. ಆ ವರ್ಷದ ಆಗಸ್ಟ್ 15ರಂದು ಬಾಸ್ ಡ್ರಮ್ಮನ್ನು ಹೊಟ್ಟೆಗೆ ಕಟ್ಟಿಕೊಂಡು ಆ ಪುಟ್ಟ ಹುಡುಗಿ ಮುಂದೆ ನಡೆದಳಂತೆ. ಎದುರಿನಿಂದ ನೋಡಿದರೆ ಡ್ರಮ್ ಒಂದೇ ಕಾಲು ಹುಟ್ಟಿಸಿಕೊಂಡು ಬಂದ ಹಾಗೆ ಕಾಣುತ್ತಿತ್ತಂತೆ. ಮುಂದಿನ ವರ್ಷ ಆಕ್ಷೇಪಿಸಿದವರ ಮನೆಯಿಂದಲೇ ಇಬ್ಬರು ಮಕ್ಕಳು ಬಂದರು. ಈ ಭಾಗವನ್ನು ಸ್ಮರಣ ಸಂಚಿಕೆಯಲ್ಲಿ ಹಾಕಬೇಡಿ ಅಂತ ಸಮಿತಿಯವರು ಈಗಾಗಲೇ ನನಗೆ ಸೂಚ್ಯವಾಗಿ ಹೇಳಿದ್ದಾರೆ. ಇಲ್ಲಿ ಹಾಕುತ್ತಿದ್ದೇನೆ.

ನಾನು ಈ ಶಾಲೆಗೆ ಸೇರಿದ್ದು 1998ರ ಜೂನಿನಲ್ಲಿ. ಬ್ಯಾಂಡಿನ ಚಾರ್ಜ್ ಹೊಸಬರಿಗೆ ಅನ್ನುವುದು ಸ್ಟಾಫ್‌ರೂಮಿನ ಅಲಿಖಿತ ನಿಯಮ. ನನಗೆ ತಾಳವೂ ಗೊತ್ತಿಲ್ಲ, ಲಯವೂ ಗೊತ್ತಿಲ್ಲ. ಸ್ವಾತಂತ್ರ್ಯ ದಿನಕ್ಕೆ ನಾಲ್ಕು ದಿನ ಇರುವಾಗ ಡ್ರಮ್ ಹೊರತೆಗೆದು ಹೊಡೆದು ನೋಡಿದೆ. ಹಸಿ ಹಲಸಿನಕಾಯಿಗೆ ಗುದ್ದಿದ ಹಾಗೆ ಸದ್ದು! ‘ಬ್ಯಾಂಡ್ ಹಾಳಾಯ್ತು’ ಅಂತ ಹೆಡ್‌ಮಾಷ್ಟ್ರಿಗೆ ವರದಿ ಮಾಡಿದೆ. ಅವರು ನಕ್ಕು, ಸೈಕಲ್ ಅಂಗಡಿಗೆ ಜನ ಕಳಿಸಿದರು.

ಮೂರೂವರೆಗೆ ಅಂಗಡಿಗೆ ಹಲಗೆ ಹಾಕಿ ಬಂದವರು, ಕೈಯಲ್ಲಿ ಸ್ಪ್ಯಾನರು, ಅಂಗಿಯ ಕಿಸೆಯಲ್ಲಿ ಗ್ರೀಸಿನ ಕಲೆ. ಡ್ರಮ್ಮನ್ನು ಬೆರಳಿನಿಂದ ಒಮ್ಮೆ ತಟ್ಟಿದರು.

‘ಇದು ಹಾಳಾದದ್ದಲ್ಲ ಮಾಷ್ಟ್ರೇ. ಚಳಿ ಹಿಡಿದದ್ದು. ಒಲೆ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಲಿ.’

ಗಂಜಿ ಬೇಯಿಸುವ ಕೋಣೆಯಲ್ಲಿ ಮಧ್ಯಾಹ್ನದ ಕೆಂಡ ಇನ್ನೂ ಇತ್ತು. ನಾಲ್ಕು ಡ್ರಮ್ಮನ್ನೂ ಒಲೆಯಿಂದ ಒಂದು ಮೊಳ ದೂರ ಗೋಡೆಗೆ ಒರಗಿಸಿ, ಗಳಿಗೆಗೊಮ್ಮೆ ತಿರುಗಿಸುತ್ತಾ ಕೂತರು. ಚರ್ಮ ಮಳೆಗಾಲದ ಗಾಳಿಯ ತೇವ ಕುಡಿದು ಸಡಿಲವಾಗುತ್ತದೆ, ಬಿಸಿ ತಾಗಿದರೆ ಬಿಗಿಯುತ್ತದೆ. ಯಕ್ಷಗಾನದ ಚೌಕಿಯಲ್ಲಿ ಚೆಂಡೆಯನ್ನು ಕೆಂಡಕ್ಕೆ ಹಿಡಿಯುವುದನ್ನು ನೀವೂ ನೋಡಿರಬಹುದು. ಆದರೆ ಅವಸರ ಮಾಡಿದರೆ ಒಣಗಿ ಬಿರಿಯುತ್ತದೆ. ಎಷ್ಟು ಬಿಸಿ ಸಾಕು ಅನ್ನುವುದನ್ನು ಅವರು ಅಂಗೈಯಿಂದ ನೋಡುತ್ತಿದ್ದರು, ಜ್ವರ ನೋಡುವ ಹಾಗೆ. ಆಮೇಲೆ ಸುತ್ತಲಿನ ಬೋಲ್ಟುಗಳನ್ನು ಎದುರುಬದುರಾಗಿ, ಒಂದು ಈ ಕಡೆ, ಒಂದು ಆ ಕಡೆ, ಅರ್ಧರ್ಧ ಸುತ್ತು ಬಿಗಿಯುವುದು. ‘ಸೈಕಲ್ ಚಕ್ರದ ಕಡ್ಡಿ ಬಿಗಿಯುವ ಹಾಗೆಯೇ. ಒಂದೇ ಕಡೆ ಬಿಗಿದರೆ ರಿಮ್ಮು ಸೊಟ್ಟ’ ಅಂದರು. ಐದು ಗಂಟೆಗೆ ಸೈಡ್ ಡ್ರಮ್ ಮಾತಾಡಿತು. ಇಡೀ ಮಳೆಗಾಲ ಅವರ ಕೆಲಸ ಇದೇ. ನಮ್ಮಲ್ಲಿ ಪ್ರವೇಶೋತ್ಸವ ಜೂನಿನಲ್ಲಿ, ಸ್ವಾತಂತ್ರ್ಯ ದಿನ ಆಗಸ್ಟಿನಲ್ಲಿ. ಬ್ಯಾಂಡ್ ಬೇಕಾಗುವ ದಿನವೆಲ್ಲ ಮಳೆಯ ದಿನವೇ! ಪಾಲಿಯೆಸ್ಟರ್ ಹೊದಿಕೆ ಅಮೆರಿಕದಲ್ಲಿ 1950ರ ದಶಕದ ಕೊನೆಗೇ ಬಂದಿತ್ತು, ನಮ್ಮ ಶಾಲೆಗೆ ಬರುವಾಗ 2006.

ಅವರು ಕಲಿಸುವ ಕ್ರಮ ನನಗೆ ಮೊದಲಿಗೆ ವಿಚಿತ್ರ ಅನಿಸಿತ್ತು. ಎಣಿಕೆ ತುಳುವಿನಲ್ಲಿ. ಒಂಜಿ, ರಡ್ಡ್, ಮೂಜಿ, ನಾಲ್. ನಮ್ಮ ಕ್ಲಾಸಿನ ಮಕ್ಕಳ ಮನೆಮಾತು ಯಾವುದು ಅಂತ ಕೇಳಿದರೆ ತುಳು, ಮಲಯಾಳ, ಬ್ಯಾರಿ, ಹವ್ಯಕ, ಕೊಂಕಣಿ, ಮರಾಠಿ ಎಲ್ಲ ಬರುತ್ತದೆ. ಪಾಠ ಕನ್ನಡದಲ್ಲಿ, ಸರಕಾರದ ಸುತ್ತೋಲೆ ಮಲಯಾಳದಲ್ಲಿ, ಡ್ರಿಲ್ಲಿನ ಆಜ್ಞೆ ಹಿಂದಿಯಲ್ಲಿ. ಅಂಥದ್ದರಲ್ಲಿ ತಾಳ ತುಳುವಿನಲ್ಲಿ ಆದರೆ ತೊಂದರೆಯೇನು? ಮಲಯಾಳ ಮನೆಮಾತಿನ ಹುಡುಗನೂ ‘ಮೂಜಿ’ಗೆ ಸರಿಯಾಗಿ ಎಡಗಾಲು ಇಡುತ್ತಿದ್ದ.

ಸೈಡ್ ಡ್ರಮ್ಮಿನ ಉರುಳು ಕಲಿಸುವುದು ಕಷ್ಟ. ಬಲಗೈ ಎರಡು ಪೆಟ್ಟು, ಎಡಗೈ ಎರಡು ಪೆಟ್ಟು, ಬಲ-ಬಲ, ಎಡ-ಎಡ, ನಿಧಾನಕ್ಕೆ ಶುರುಮಾಡಿ ವೇಗಕ್ಕೆ ಹೋದರೆ ಎರಡೂ ಸೇರಿ ಒಂದೇ ಗುಡುಗಾಗಬೇಕು. ಇಂಗ್ಲಿಷರ ದಂಡಿನಲ್ಲಿ ಇದನ್ನು ‘ಡ್ಯಾಡಿ-ಮಮ್ಮಿ’ ಅಂತ ಹೇಳಿಕೊಡುತ್ತಿದ್ದರು, ಬಲಗೈ ಡ್ಯಾಡಿ, ಎಡಗೈ ಮಮ್ಮಿ. ಪೆನ್ಶನಿನ ಆ ಮುದುಕರು ಇವರಿಗೆ ಹೇಳಿಕೊಟ್ಟದ್ದು ಅದನ್ನೇ. ಇವರು ಅದನ್ನು ನಮ್ಮ ಮಕ್ಕಳಿಗೆ ‘ಅಪ್ಪೆ-ಅಮ್ಮೆ’ ಮಾಡಿದರು. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಕನ್ನಡದ ಕಿವಿಗೆ ಪೂರಾ ಉಲ್ಟಾ! ಪ್ರತಿ ವರ್ಷ ಹೊಸ ಮಕ್ಕಳು ‘ಮಾಮಾ, ಬಲಗೈ ಅಪ್ಪನಾ ಅಮ್ಮನಾ?’ ಅಂತ ಕೇಳುವುದು, ಅವರು ‘ನಿನ್ನ ಮನೆಯಲ್ಲಿ ಯಾರ ಕೈ ಜೋರು?’ ಅಂತ ಮರುಪ್ರಶ್ನೆ ಹಾಕುವುದು, ನಗೆ ಏಳುವುದು. ಇದು ಪಠ್ಯದ ಹಾಗೆ ಖಾಯಂ ಆಗಿತ್ತು.

ಬ್ಯೂಗಲಿಗೆ ವಾಲ್ವಿಲ್ಲ, ರಂಧ್ರವಿಲ್ಲ. ತುಟಿ ಬಿಗಿದು ಸಡಿಲಿಸಿ ಎಬ್ಬಿಸುವ ನಾಲ್ಕೈದು ಸ್ವರ ಮಾತ್ರ. ಅದರಲ್ಲಿ ರಾಷ್ಟ್ರಗೀತೆ ಬಾರದು. ಅದಕ್ಕೆ ಮಕ್ಕಳು ಹಾಡುವುದು, ಡ್ರಮ್ ಮೊದಲಿಗೊಂದು ಉರುಳು ಕೊಟ್ಟು ಸುಮ್ಮನಿರುವುದು ಅಂತ ಅವರ ಏರ್ಪಾಡು. ಐವತ್ತೆರಡು ಸೆಕೆಂಡಿಗೆ ಮುಗಿಯಬೇಕು ಅಂತ ಕೈಯ ಹಳೆ ಎಚ್ಚೆಂಟಿ ವಾಚು ನೋಡುತ್ತಾ ನಿಲ್ಲುತ್ತಿದ್ದರು. ಒಂದು ಸಲ ಅವರಿಗೆ ನಾನು ಮದನಪಲ್ಲಿಯ ಕಥೆ ಹೇಳಿದೆ. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿನ ಥಿಯೊಸಾಫಿಕಲ್ ಕಾಲೇಜಿನಲ್ಲಿ ತಂಗಿದ್ದಾಗ ಆ ಹಾಡನ್ನು ಹಾಡಿದ್ದು, ಪ್ರಿನ್ಸಿಪಾಲರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಕೇಳಿ ಅದರ ಮಟ್ಟನ್ನು ಸ್ವರಲಿಪಿಯಲ್ಲಿ ಬರೆದಿಟ್ಟದ್ದು. ಕೇಳಿದವರು ಸ್ವಲ್ಪ ಹೊತ್ತು ಬಿಟ್ಟು, ‘ಹಾಗಾದರೆ ಬರೆದಿಟ್ಟವರೂ ಬೇಕು’ ಅಂದರು. ಅವರು ನನಗೆ ಹೇಳಿದ ಮಾತೆಂದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ಶಾಲೆಗಳ ಜೀವ ಜೂನಿನಲ್ಲಿ ಹೋಗಿ ಬರುತ್ತದೆ. ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೆ ಅನ್ನುವುದರ ಮೇಲೆ ಆ ವರ್ಷದ ಡಿವಿಜನ್, ಡಿವಿಜನ್ ಮೇಲೆ ಮಾಷ್ಟ್ರುಗಳ ಹುದ್ದೆ. ಕನ್ನಡ ವಿಭಾಗದಲ್ಲಿ ಎರಡು ಮಕ್ಕಳು ಕಡಿಮೆಯಾದರೆ ಒಂದು ಕ್ಲಾಸೇ ಹೋಗಬಹುದು. 2000ದ ಸುಮಾರಿಗೆ ಹಳದಿ ಬಣ್ಣದ ಇಂಗ್ಲಿಷ್ ಮೀಡಿಯಂ ವ್ಯಾನುಗಳು ನಮ್ಮ ಗುಡ್ಡ ಹತ್ತಲು ಶುರುಮಾಡಿದಾಗ ನಾವು ಮಾಷ್ಟ್ರುಗಳು ಕೊಡೆ ಹಿಡಿದು ಮನೆಮನೆಗೆ ಹೋಗಿ ಮಾತೃಭಾಷೆಯ ಮಹತ್ವ ಹೇಳುತ್ತಿದ್ದೆವು. ಸತ್ಯ ಹೇಳಬೇಕೆಂದರೆ ನಮ್ಮ ಭಾಷಣಕ್ಕೆ ಬಂದ ಮಕ್ಕಳು ಕಡಿಮೆ. ಜೂನ್ ಮೊದಲ ವಾರ ಬ್ಯಾಂಡ್ ಮಾಮ ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡು ಗದ್ದೆ ಬದುವಿನ ಮೇಲೆ ಅಭ್ಯಾಸ ಮಾಡಿಸುತ್ತಿದ್ದರು. ಶಾಲೆಯ ಮೈದಾನ ಇರುವಾಗ ಬದುವಿನ ಮೇಲೆ ಯಾಕೆ ಅಂತ ನಾನು ಕೇಳಿದ್ದೆ. ‘ಮೈದಾನದಲ್ಲಿ ಬಾರಿಸಿದರೆ ಶಾಲೆಗೆ ಬರುವ ಮಕ್ಕಳಿಗೆ ಮಾತ್ರ ಕೇಳ್ತದೆ.’ ಆ ಬದುವಿನ ಆಚೀಚೆ ಮನೆಗಳಿಂದ ವರ್ಷಕ್ಕೆ ಮೂರು ನಾಲ್ಕು ಮಕ್ಕಳು ‘ಡ್ರಮ್ ಬಡಿಯುವ ಶಾಲೆಗೇ ಹೋಗುವುದು’ ಅಂತ ಅತ್ತು ಹಟ ಮಾಡಿ ಬಂದದ್ದು ನನಗೆ ಗೊತ್ತು. ಒಂದು ಡಿವಿಜನ್ ಹಾಗೆ ಉಳಿದಿದೆ. ಆ ಡಿವಿಜನ್ನಿನಲ್ಲಿ ನನ್ನ ಸಂಬಳವೂ ಇತ್ತು.

2004ರಲ್ಲಿ ಅವರ ಕಿರಿಯ ಮಗ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಬಿದ್ದ. ಮಕ್ಕಳಿಲ್ಲದ ಮೇಲೆ ಪಿ.ಟಿ.ಎ.ಯಲ್ಲಿ ಸ್ಥಾನವಿಲ್ಲ. ಜುಲೈ ಸಭೆಗೆ ಅವರು ಬಂದು ಹಿಂದಿನ ಬೆಂಚಿನಲ್ಲಿ ಕೂತರು, ಕಾರ್ಯದರ್ಶಿ ಏನು ಬರೆಯುವುದೆಂದು ತಿಳಿಯದೆ ‘ವಿಶೇಷ ಆಹ್ವಾನಿತ’ ಅಂತ ಬರೆದರು. ಆಹ್ವಾನ ಯಾರೂ ಕೊಟ್ಟಿರಲಿಲ್ಲ. ಮರುದಿನ ಮೂರೂವರೆಗೆ ಸ್ಪ್ಯಾನರ್ ಹಿಡಿದುಕೊಂಡು ಎಂದಿನಂತೆ ಬಂದರು. ಮತ್ತೆ ಹದಿನೈದು ವರ್ಷ ಬಂದರು.

ಇನ್ನು ನಾನು ಹೇಳಲು ಹಿಂಜರಿಯುತ್ತಿರುವ ಸಂಗತಿ. 2008ರಲ್ಲಿ ಉಪಜಿಲ್ಲಾ ಕಲೋತ್ಸವಕ್ಕೆ ನಾನು ಶಾಲೆಯ ಸಂಚಾಲಕ. ಎ ಗ್ರೇಡ್ ಬಂದರೆ ಮುಂದೆ ಜಿಲ್ಲೆ, ಆಮೇಲೆ ರಾಜ್ಯ, ಗ್ರೇಸ್ ಮಾರ್ಕ್, ಪೇಪರಿನಲ್ಲಿ ಫೋಟೋ. ಎಲ್ಲ ಶಾಲೆಯವರೂ ದುಡ್ಡು ಕೊಟ್ಟು ಹೊರಗಿನಿಂದ ಟ್ರೈನರನ್ನು ತರಿಸುತ್ತಾರೆ, ನಾವೂ ತರಿಸೋಣ ಅಂತ ನಾನೇ ಒತ್ತಾಯ ಮಾಡಿದೆ. ಟ್ರೈನರು ಬಂದರು, ಯುವಕರು, ಕೆಲಸ ಬಲ್ಲವರು, ಅವರ ಮೇಲೆ ದೂರಿಲ್ಲ. ಮೊದಲ ದಿನವೇ ‘ಈ ಎಣಿಕೆ ನಡೆಯುವುದಿಲ್ಲ, ಜಡ್ಜುಗಳು ನಗುತ್ತಾರೆ’ ಅಂದರು. ತುಳು ಹೋಗಿ ಒನ್-ಟೂ ಬಂತು. ಬ್ಯಾಂಡ್ ಮಾಮನಿಗೆ ಹೇಳುವ ಕೆಲಸ ನನ್ನ ಪಾಲಿಗೆ. ಅಂಗಡಿಗೆ ಹೋಗಿ, ಇದು ಒಂದು ತಿಂಗಳ ಮಟ್ಟಿಗೆ, ಮಕ್ಕಳ ಮಾರ್ಕಿಗೋಸ್ಕರ ಅಂತ ಏನೇನೋ ಹೇಳಿದೆ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದವರು ತಲೆ ಎತ್ತಲಿಲ್ಲ. ‘ಒಳ್ಳೆದಾಯ್ತಲ್ಲ ಮಾಷ್ಟ್ರೇ. ನನ್ನದು ಹಳೆ ಪೆಟ್ಟು’ ಅಂದರು.

ಆ ತಿಂಗಳೂ ದಿನಾ ಬಂದರು. ಕಲಿಸಲಿಲ್ಲ. ಡ್ರಮ್ ಹೊರಗಿಟ್ಟರು, ಒಳಗಿಟ್ಟರು, ಮಕ್ಕಳಿಗೆ ಕುಡಿಯಲು ಜೀರಿಗೆ ನೀರು ತಂದರು. ಕಲೋತ್ಸವದ ದಿನ ಜೀಪಿನ ಹಿಂದೆ ನೇತುಕೊಂಡು ಬಂದು ಬ್ಯೂಗಲ್ ಉಜ್ಜಿಕೊಟ್ಟರು. ಮಕ್ಕಳು ಚೆನ್ನಾಗಿಯೇ ಬಾರಿಸಿದರು. ಎ ಗ್ರೇಡ್ ಬಂತು, ಆದರೆ ಸ್ಥಾನ ಎರಡನೆಯದು, ಮುಂದಕ್ಕೆ ಹೋಗಲಿಲ್ಲ. ಟ್ರೈನರ ಸಂಬಳ ಕೊಡುವಾಗ ಪಿ.ಟಿ.ಎ.ಯ ನಿಧಿ ಖಾಲಿಯಾಯಿತು. ಟ್ರೈನರ ಹೆಸರು, ಕೊಟ್ಟ ಮೊತ್ತ, ರಶೀದಿ ನಂಬರು, ಮೂರೂ ಮಿನಿಟ್ಸಿನಲ್ಲಿ ನನ್ನದೇ ಅಕ್ಷರದಲ್ಲಿವೆ! ಈ ಬೇಸಗೆಯಲ್ಲಿ ಆ ಪುಟ ಕಂಡಾಗ ಪುಸ್ತಕ ಮುಚ್ಚಿ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಕ್ಷಮೆ ಕೇಳಿದ್ದೆನಾ ಅಂದರೆ ಇಲ್ಲ. ಡಿಸೆಂಬರಿನಲ್ಲಿ ಅವರು ಮತ್ತೆ ಒಂಜಿ-ರಡ್ಡ್ ಶುರುಮಾಡಿದರು, ನಾನು ಅದನ್ನೇ ಅನುಕೂಲ ಮಾಡಿಕೊಂಡು ಸುಮ್ಮನಾದೆ.

ಸೈಕಲಿನ ಕಾಲ ಮುಗಿದು ಅಂಗಡಿ ಚಿಕ್ಕದಾಗುತ್ತಾ ಬಂತು. ಊರ ಮೆರವಣಿಗೆಗಳಿಗೆ ನಾಸಿಕ್ ಬ್ಯಾಂಡು, ಶಿಂಗಾರಿ ಮೇಳ ಬಂದವು, ಹಳೆ ಮದುವೆ ಬ್ಯಾಂಡ್‌ಸೆಟ್ಟುಗಳು ಒಂದೊಂದೇ ಮುಚ್ಚಿದವು. 2019ರ ಅಕ್ಟೋಬರ್ 11ರಂದು ಕದ್ರಿ ಗೋಪಾಲನಾಥರು ತೀರಿಕೊಂಡ ಸುದ್ದಿ ಬಂದಾಗ ಅವರು ಅಂಗಡಿ ತೆರೆಯಲಿಲ್ಲ. ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಆ ಪರದೇಶಿ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕಥೆಯನ್ನು ಅವರು ಪ್ರತಿ ತಂಡದ ಮಕ್ಕಳಿಗೂ ಹೇಳುತ್ತಿದ್ದರು, ಪಕ್ಕದ ಮನೆಯವರ ಕಥೆ ಹೇಳುವ ಹಾಗೆ.

ಅದೇ ನವೆಂಬರ್ ಕೊನೆಗೆ ರಾಜ್ಯ ಕಲೋತ್ಸವ ಇಪ್ಪತ್ತೆಂಟು ವರ್ಷದ ಮೇಲೆ ಮತ್ತೆ ನಮ್ಮ ಜಿಲ್ಲೆಗೆ, ಕಾಞಂಗಾಡಿಗೆ ಬಂತು. ನಾವಿಬ್ಬರೂ ಬಸ್ಸು ಹಿಡಿದು ಹೋದೆವು. ನಮ್ಮ ಶಾಲೆಯ ಯಾವ ಸ್ಪರ್ಧೆಯೂ ಇರಲಿಲ್ಲ. ಬ್ಯಾಂಡ್ ಮೇಳದ ಮೈದಾನದ ಬದಿಯಲ್ಲಿ ಬಿಸಿಲಿನಲ್ಲಿ ಮೂರು ಗಂಟೆ ನಿಂತರು. ದೊಡ್ಡ ದೊಡ್ಡ ಶಾಲೆಗಳು, ಹೊಳೆಯುವ ವಾದ್ಯಗಳು, ಪಟಪಟ ತಿರುಗುವ ಸಾಲುಗಳು. ‘ಅವರದ್ದು ಬೇರೆಯೇ ಮಾಷ್ಟ್ರೇ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆ ಮೂರನೇ ಸಾಲಿನ ಹುಡುಗಿಯನ್ನು ನೋಡಿ. ಅವಳಿಗೆ ಪಟ್ಟಿ ಉದ್ದವಾಗಿದೆ, ಡ್ರಮ್ ಮೊಣಕಾಲಿಗೆ ಬಡೀತಾ ಉಂಟು. ಯಾರಾದರೂ ಒಂದು ತೂತು ಹಾಕಿ ಕೊಡಬಾರದಾ?’

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯವರು ಪಟ್ಟ ಪಾಡನ್ನು ಬೇರೆಯೇ ಬರೆಯಬೇಕು. ಬ್ಯಾಂಡ್ ಮಾಮ ಹೋದದ್ದು ಅದರ ಮರುವರ್ಷ, 2021ರ ಜೂನಿನಲ್ಲಿ, ಮನೆಯಲ್ಲೇ, ಎದೆನೋವಿನಿಂದ. ಇಪ್ಪತ್ತು ಜನಕ್ಕಿಂತ ಹೆಚ್ಚು ಸೇರಬಾರದು ಅನ್ನುವ ನಿಯಮ. ಜೋರು ಮಳೆ. ಮಕ್ಕಳಿಗೆ ನಾವು ತಿಳಿಸಿದ್ದು ವಾಟ್ಸಾಪಿನಲ್ಲಿ. ಬಾಸ್ ಡ್ರಮ್ಹೊತ್ತಿದ್ದ ಮಗಳು ಗಡಿಯಾಚೆ ಮದುವೆಯಾಗಿ ಹೋದವಳು, ಟೆಸ್ಟಿನ ಚೀಟಿ ಕೈಗೆ ಸಿಕ್ಕಿ ಅವಳು ಬಂದು ಮುಟ್ಟುವಾಗ ಎಲ್ಲ ಮುಗಿದಿತ್ತು.

ಶಾಲೆ ಮತ್ತೆ ತೆರೆದದ್ದು 2021ರ ನವೆಂಬರ್ 1ರಂದು. ನಮ್ಮ ಕಡೆ ಅದೊಂದು ವಿಚಿತ್ರ ದಿನ. ಸರಕಾರದ ಲೆಕ್ಕಕ್ಕೆ ಕೇರಳ ಪಿರವಿ, ತಲಪಾಡಿ ದಾಟಿದರೆ ಕನ್ನಡ ರಾಜ್ಯೋತ್ಸವ, ನಮ್ಮ ಅಜ್ಜಂದಿರಿಗೆ ಊರು ಕೈಬಿಟ್ಟುಹೋದ ದಿನ. ಆ ಸಲ ಮಾತ್ರ ಯಾರಿಗೂ ಅದು ನೆನಪಾಗಲಿಲ್ಲ. ಇಪ್ಪತ್ತು ತಿಂಗಳ ಮೇಲೆ ಮಕ್ಕಳ ಮುಖ ನೋಡುತ್ತಿದ್ದೆವು, ಅದೂ ಮಾಸ್ಕಿನ ಮೇಲಿನ ಅರ್ಧ.

ಹಿಂದಿನ ದಿನ ಸ್ಟೋರ್‌ರೂಮ್ ತೆರೆದಿದ್ದೆ. ಡ್ರಮ್ಮುಗಳಿಗೆ ಬೂಷ್ಟು ಹಿಡಿದಿತ್ತು. ಹೊಸ ಹೊದಿಕೆಯವು ಒರೆಸಿದ ಕೂಡಲೇ ಸರಿಯಾದವು. ಮೂಲೆಯಲ್ಲಿ 1992ರ ಒಂದು ಚರ್ಮದ ಸೈಡ್ ಡ್ರಮ್ ಉಳಿದಿತ್ತು. ಅದರ ಪಟ್ಟಿ ಯಾವತ್ತೋ ಹರಿದು, ಸೈಕಲ್ ಟ್ಯೂಬಿನ ಪಟ್ಟಿ ಹಾಕಿದ್ದರು. ಟ್ಯೂಬಿಗೆ ನಾಲ್ಕು ತೂತು, ಬೇರೆ ಬೇರೆ ಎತ್ತರದ ಮಕ್ಕಳಿಗೆ. ತಟ್ಟಿ ನೋಡಿದೆ. ಹಸಿ ಹಲಸಿನಕಾಯಿ.

ಗಂಜಿ ಕೋಣೆಯಲ್ಲಿ ಈಗ ಗ್ಯಾಸ್ ಒಲೆ, ಕೆಂಡವಿಲ್ಲ. ಅಡುಗೆಯ ಅಕ್ಕ ಹಿತ್ತಿಲಲ್ಲಿ ಮಡಲು, ಚಿಪ್ಪು ಹಾಕಿ ಬೆಂಕಿ ಮಾಡಿಕೊಟ್ಟರು. ಒಂದು ಮೊಳ ದೂರ ಹಿಡಿದು, ಗಳಿಗೆಗೊಮ್ಮೆ ತಿರುಗಿಸುತ್ತಾ, ಅಂಗೈ ಇಟ್ಟು ನೋಡುತ್ತಾ ಕೂತೆ. ಎಷ್ಟು ಬಿಸಿ ಸಾಕು ಅಂತ ನನಗೆ ಗೊತ್ತಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಸ್ವಲ್ಪ ಬಿಗಿಯಾಯಿತು. ಸ್ಪ್ಯಾನರಿಗೆ ಅವರ ಮನೆಗೆ ಹೋದೆ. ಕಿರಿಯ ಮಗ ಒಳಗಿನಿಂದ ತಂದುಕೊಟ್ಟು, ‘ಎದುರುಬದುರು ಬಿಗಿಯಿರಿ ಸರ್’ ಅಂದ.